ಆ ಗೋಡೆ ಬಿದ್ದದ್ದು ನಮ್ಮ ಕೈಯಿಂದಲ್ಲ

ಸಿಂಚನ, ಚಂದನ್,

ನಿಮ್ಮ ಅಜ್ಜಿ ಬರೆಯುವವಳಲ್ಲ. ಊರ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದ ಮೇಲೆ ನಾನು ಬರೆದದ್ದೆಂದರೆ ಅಂಗಡಿ ಸಾಮಾನಿನ ಚೀಟಿ, ನಿಮ್ಮ ಅಪ್ಪನ ಶಾಲೆಗೆ ರಜೆ ಅರ್ಜಿ, ಅಷ್ಟೇ. ನಾಲ್ಕು ಜನರ ಮುಂದೆ ಬಾಯಿ ತೆಗೆಯಲು ನಾಚುವವಳು ಎಂದು ನೀವು ನನ್ನನ್ನು ಆಡಿಕೊಂಡು ನಗುತ್ತೀರಿ. ನಗಿ. ಆದರೆ ಕಳೆದ ವಾರ ಸಿಂಚನ ಮೈಸೂರಿನಿಂದ ಬಂದವಳು ಕಾಲೇಜಿನ ನೋಟ್ಸ್ ತೆಗೆದು, "ನಿನ್ನ ಸಾರ್ ಬಗ್ಗೆ ನಮಗೆ ಪಾಠ ಐತೆ ಕಣಜ್ಜಿ" ಎಂದು ಓದಿ ಹೇಳಿದಳಲ್ಲ, ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ.

ಒಂದೂ ಮರ ಕಡಿಯದೆ ಕಟ್ಟಡ ಕಟ್ಟಿದವರು, ಗಾಳಿ ಬೆಳಕನ್ನು ಕೇಳಿ ಕಿಟಕಿ ಇಟ್ಟವರು, ಆ ನೆಲದ ಮಣ್ಣಿನಲ್ಲೇ ಗೋಡೆ ಎಬ್ಬಿಸಿದವರು ಎಂದೆಲ್ಲ ಅದರಲ್ಲಿತ್ತು. ಎಲ್ಲ ನಿಜ. ಕೊನೆಗೆ ಒಂದು ಸಾಲು ಬಂತು. ಹುಣಸೂರು ತಾಲ್ಲೂಕಿನ ಅವರ ಒಂದು ಶಾಲೆಯ ಗೋಡೆ ಸ್ಥಳೀಯ ಕೆಲಸಗಾರರ ಅನುಭವದ ಕೊರತೆಯಿಂದ ಕುಸಿಯಿತು ಎಂದು. ಸಿಂಚನ ಅದನ್ನು ಓದಿ ಮುಂದಿನ ಪುಟಕ್ಕೆ ಹೋದಳು. ಆ ಸ್ಥಳೀಯ ಕೆಲಸಗಾರರು ಯಾರೋ ಅಲ್ಲ ಮಗಳೇ. ನಾನು, ಸಾಕಮ್ಮ, ನಮ್ಮ ಜೊತೆಯ ಹೆಂಗಸರು.

ನೀನು ನಾಳೆ ಸಾರ್ ಹಾಗೆ ಕಟ್ಟಡದ ನಕ್ಷೆ ಬಿಡಿಸುವ ಕೆಲಸಕ್ಕೆ ಹೋಗುವವಳು. ಚಂದನ್ ಕೂಡ ಅಕ್ಕನ ಹಾದಿ ಹಿಡಿಯುತ್ತೇನೆ ಎನ್ನುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ. ಸಾರ್ ಹೆಸರು ನಿನ್ನ ನೋಟ್ಸಿನಲ್ಲೇ ಇದೆ, ನಾನು ಬರೆಯುವುದಿಲ್ಲ. ಆ ಶಾಲೆಯ ಊರಿನ ಹೆಸರನ್ನೂ ಬರೆಯುವುದಿಲ್ಲ, ಅಲ್ಲಿ ನಮಗೆ ನೆಂಟರಿದ್ದಾರೆ.

ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ನಿಮ್ಮ ಅಪ್ಪ ಮೂರನೇ ತರಗತಿ. ಗಾವಡಗೆರೆ ಕಡೆ ಆಗ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳೆಲ್ಲ ಮಣ್ಣಿನವು. ಆಳಿನ ಮೂರರಷ್ಟು ಎತ್ತರದ ಗೋಡೆ. ಒಳಗೆ ಬೆಂಕಿಯ ಕೊಳವೆ ಹಾದು ವಾರಗಟ್ಟಲೆ ಕಾಯುತ್ತಿತ್ತು. ಆ ಕಾವಿಗೆ ಗೋಡೆ ಬಿರುಕು ಬಿಡದಂತೆ ಪ್ರತಿ ವರ್ಷ ಸೊಪ್ಪು ಬೇಯಿಸುವ ಮುಂಚೆ ಒಳಗೂ ಹೊರಗೂ ಮಣ್ಣು ಮೆತ್ತಬೇಕು. ಅದು ಹೆಂಗಸರ ಕೆಲಸ. ಕೆಮ್ಮಣ್ಣಿಗೆ ಕತ್ತರಿಸಿದ ಹುಲ್ಲು, ಸಗಣಿ ಹಾಕಿ ನೆನೆಸಿ, ಹುಳಿ ವಾಸನೆ ಬರುವ ತನಕ ದಿನವೂ ತುಳಿಯುತ್ತಿದ್ದೆವು. ನಮ್ಮೂರ ಗೌಡರ ಬ್ಯಾರನ್ ಮೆತ್ತುತ್ತಿದ್ದದ್ದು ನಾನು ಮತ್ತು ಪಕ್ಕದ ಮನೆಯ ಸಾಕಮ್ಮ. ನನ್ನ ಅವ್ವ, ಅವಳ ಅವ್ವ ಕೂಡ ಅದನ್ನೇ ಮಾಡಿದವರು.

ಒಂದು ದಿನ ಜುಬ್ಬಾ ತೊಟ್ಟ ಒಬ್ಬರು ಮೈಸೂರಿನಿಂದ ಬಂದು ಆ ಗೋಡೆಗೆ ಅಂಗೈ ಒತ್ತಿ, ಕಿವಿ ಕೊಟ್ಟು, ಉಗುರಿನಿಂದ ಕೆರೆದು ನೋಡುತ್ತ ಗಂಟೆಗಟ್ಟಲೆ ನಿಂತರು. ಗೌಡರಿಗೆ ನಗು ತಡೆಯಲಾಗಲಿಲ್ಲ. "ಇದೇನ್ ಸಾರ್, ಹೆಣ್ ನೋಡಕ್ ಬಂದೋರಂಗೆ ಮುಟ್ಟಿ ಮುಟ್ಟಿ ನೋಡ್ತಿದ್ದೀರಿ" ಎಂದರು. ಯಾರು ಮೆತ್ತಿದ್ದು ಎಂದು ಸಾರ್ ಕೇಳಿದಾಗ ನಾನು ಸೆರಗೆಳೆದುಕೊಂಡು ಹುಲ್ಲಿನ ಮೆದೆಯ ಹಿಂದೆ ಸರಿದೆ. ಮಣ್ಣು ಎಷ್ಟು ದಿನ ನೆನೆಸುತ್ತೀರಿ ಎಂದು ನನ್ನನ್ನೇ ಕೇಳಿದರು. ಸಾಕಮ್ಮನೇ ಹೇಳಿದಳು: "ಅವ್ಳ ಬಾಯಿಗೆ ಬೀಗ ಆಕಿ ಬೀಗದಕೈ ಬಾವಿಗೆ ಎಸೆದವ್ರೆ ಸಾರ್. ನನ್ ಕೇಳಿ."

ಹಾಗೆ ನಾವಿಬ್ಬರೂ ಅವರ ಕೆಲಸಕ್ಕೆ ಸೇರಿದೆವು.

ಮೊದಲನೆಯ ಕಟ್ಟಡ ಎಚ್.ಡಿ. ಕೋಟೆ ಕಡೆ ಒಂದು ಗಿರಿಜನರ ಹಾಡಿಯ ಪಕ್ಕದ ಬಾಲವಾಡಿ. ಸಾರ್ ಬಂದವರು ನಕ್ಷೆ ಬಿಡಿಸಲಿಲ್ಲ, ದಾರ ಹಿಡಿಯಲಿಲ್ಲ. ಬೆಳಗಿನಿಂದ ಸಂಜೆ ತನಕ ಒಂದು ಕಲ್ಲಿನ ಮೇಲೆ ಕೂತರು. ಮಧ್ಯಾಹ್ನ ಬಿಸಿಲು ನೆತ್ತಿಗೆ ಬಂದಾಗ ಹಾಡಿಯ ಮೇಕೆಗಳು ಬಂದು ಒಂದು ಕಡೆ ಮಲಗಿದವು. ಸಾರ್ ಎದ್ದು ಹೋಗಿ ಅವು ಮಲಗಿದ ಜಾಗದ ಸುತ್ತ ಸುಣ್ಣದಲ್ಲಿ ಗುರುತು ಹಾಕಿಸಿದರು. ಮಕ್ಕಳು ಮಲಗುವ ಕೋಣೆ ಅಲ್ಲಿಗೇ ಬಂತು. "ಈ ಸಾರ್‌ಗೆ ಎಂಜಿನಿಯರ್ ಓದ್ಸಿರೋದು ಮೇಕೆನೇ ಕಣಮ್ಮಿ" ಎಂದು ಸಾಕಮ್ಮ ನಕ್ಕಳು. ಆದರೆ ಬೇಸಿಗೆಯಲ್ಲಿ ಆ ಕೋಣೆಗೆ ಕಾಲಿಟ್ಟವರು ಹೊರಗೆ ಬರಲು ಮನಸ್ಸು ಮಾಡುತ್ತಿರಲಿಲ್ಲ. ಇದನ್ನು ನಿನ್ನ ನೋಟ್ಸ್ ಸರಿಯಾಗೇ ಹೇಳಿದೆ ಸಿಂಚನ. ಅವರ ಬುದ್ಧಿಯನ್ನು ನಾನು ಎಂದೂ ಅಲ್ಲಗಳೆದವಳಲ್ಲ.

ಅಲ್ಲೇ ನಾನೊಂದು ತಪ್ಪು ಮಾಡಿದೆ. ಮಣ್ಣಿನ ಗೋಡೆಯನ್ನು ಮೊಳದೆತ್ತರದ ಒಂದೊಂದೇ ವರಸೆಯಾಗಿ ಏರಿಸಬೇಕು. ಒಂದು ವರಸೆ ಬಲಿಯುವ ತನಕ ಮೇಲೆ ಇನ್ನೊಂದು ಇಡಬಾರದು. ಇದು ನನಗೆ ತಿಳಿಯದ್ದೇನಲ್ಲ. ಆದರೆ ಗೌರಿ ಹಬ್ಬ ಹತ್ತಿರ ಬಂದಿತ್ತು, ನಿಮ್ಮ ಅಪ್ಪನನ್ನು ನೋಡಿ ತಿಂಗಳಾಗಿತ್ತು. ಬೇಗ ಮುಗಿಸುವ ಆಸೆಗೆ ಒಂದೇ ದಿನ ಎರಡು ವರಸೆ ಏರಿಸಿದೆ. ಬೆಳಗ್ಗೆ ನೋಡಿದರೆ ಗೋಡೆ ತುಂಬು ಬಸುರಿಯ ಹಾಗೆ ಹೊಟ್ಟೆ ಬಿಟ್ಟಿತ್ತು. ಯಾರು ಮಾಡಿದ್ದು ಎಂದು ಸಾರ್ ಕೇಳಿದರು. ಗಾರೆಯವರೆಲ್ಲ ನೆಲ ನೋಡಿದರು. "ನಾನೇ ಸಾರ್" ಎಂದೆ. ಅವರು ಬೈಯಲಿಲ್ಲ. ತಾವೇ ಗುದ್ದಲಿ ತೆಗೆದುಕೊಂಡು ಆ ಗೋಡೆ ಕೆಡವಿದರು. ಬೆವರು ಒರೆಸಿಕೊಂಡು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ: "ಗೋಡೆ ಹಸಿ ಇರುವಾಗಲೇ ತಪ್ಪು ಒಪ್ಪಿಕೊಂಡುಬಿಡಬೇಕು ಚಿಕ್ಕತಾಯಮ್ಮ. ಒಣಗೋಕೆ ಬಿಟ್ಟರೆ ಅದು ಇನ್ಯಾರದೋ ತಲೆ ಮೇಲೆ ಬೀಳುತ್ತೆ."

ಅವತ್ತೇ ನನ್ನ ಕೈಗೆ ಗಾರೆಯವರು ಹಿಡಿಯುವ ಕರಣೆ ಕೊಟ್ಟರು. ಅಲ್ಲಿಯವರೆಗೆ ನಮ್ಮ ಕಡೆ ಹೆಂಗಸರು ಬಾಣಲಿ ಹೊರುವುದು, ಮಣ್ಣು ತುಳಿದು ಬರಿಗೈಯಲ್ಲಿ ಮೆತ್ತುವುದು ಬಿಟ್ಟರೆ ಕರಣೆ ಮುಟ್ಟಿದ್ದಿಲ್ಲ. ಹೆಂಗಸರು ಕರಣೆ ಹಿಡಿದರೆ ನಾವು ಬಳೆ ತೊಟ್ಟುಕೊಳ್ಳಬೇಕಾ ಎಂದು ಗಾರೆಯವನೊಬ್ಬ ಕೊಂಕು ತೆಗೆದ. ಸಾಕಮ್ಮ ತನ್ನ ಕೈ ಮುಂದೆ ಚಾಚಿ, "ತೊಟ್ಕೊ ಬಾರಪ್ಪ, ನನ್ನವೇ ಬಿಚ್ಕೊಡ್ತೀನಿ" ಎಂದಳು.

ಈಗ ಶಾಲೆಯ ವಿಷಯಕ್ಕೆ ಬರುತ್ತೇನೆ.

ಯಾವುದೋ ಟ್ರಸ್ಟಿನವರು ಹಣ ಕೊಟ್ಟು, ನಮ್ಮೂರಿಂದ ನಡೆದು ಹೋಗುವಷ್ಟು ಹತ್ತಿರದ ಊರವರು ಜಾಗ ಕೊಟ್ಟು, ಸಾರ್ ನಕ್ಷೆ ಕೊಟ್ಟ ಶಾಲೆ ಅದು. ಜಾಗದ ನಡುವೆ ದೊಡ್ಡ ಹೊಂಗೆ ಮರವಿತ್ತು. ಅದನ್ನು ಕಡಿಸದೆ ಅದರ ಸುತ್ತ ಕೋಣೆಗಳನ್ನು ಬಾಗಿಸಿದರು. ಗುದ್ದಲಿ ಪೂಜೆಯ ದಿನ ಶಾಲಾ ಸಮಿತಿಯ ಅಧ್ಯಕ್ಷರು ಐದು ಜನ ಮುತ್ತೈದೆಯರನ್ನು ಕರೆದು ಮೊದಲ ಕಲ್ಲಿಗೆ ಅರಿಸಿನ ಕುಂಕುಮ ಹಾಕಿಸಿದರು. ನಾನು ದೂರ ನಿಂತಿದ್ದೆ. ಗಂಡ ಸತ್ತವಳು ಅಂಥ ಕಡೆ ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸಾರ್ ನೋಡಿದರು. ನಾಳೆಯಿಂದ ಈ ಗೋಡೆ ಕಟ್ಟುವ ಕೈ ಅವರದ್ದು, ಅವರು ಮಣ್ಣು ಇಡದಿದ್ದರೆ ನಾನೂ ಇಡುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿ ನನ್ನ ಕೈಯಿಂದ ಮೊದಲ ಮುದ್ದೆ ಮಣ್ಣು ಇಡಿಸಿದರು. ಅಧ್ಯಕ್ಷರ ಮುಖ ಹುಣಸೆಹಣ್ಣಾಯಿತು. ನಾನು ಅವತ್ತು ಮನೆಗೆ ಹೋಗಿ ಅತ್ತೆ. ಇವರಿಗಾಗಿ ಪ್ರಾಣ ಬೇಕಾದರೂ ಕೊಡಬಹುದು ಅನ್ನಿಸಿತ್ತು. ಈಗ ಯೋಚಿಸಿದರೆ, ಅವತ್ತು ಆ ಮಾತು ಆಡಿದ್ದಕ್ಕೆ ಅವರು ಕಳೆದುಕೊಂಡದ್ದು ಏನೂ ಇರಲಿಲ್ಲ.

ಹತ್ತು ಜನ ಹೆಂಗಸರು ಎಂಟು ತಿಂಗಳು ಕಟ್ಟಿದೆವು. ಕೆರೆಯ ಗೋಡುಮಣ್ಣು ಒಣಗಿದರೆ ಬಿರಿಯುತ್ತದೆ ಎಂದು ಬಿಟ್ಟು, ಊರ ದಿಣ್ಣೆಯ ಕೆಮ್ಮಣ್ಣು ತಂದೆವು. ಒಂದೊಂದು ಗುಂಡಿಯ ಮಣ್ಣನ್ನೂ ಮುದ್ದೆ ಕಟ್ಟಿ, ಸೊಂಟದೆತ್ತರದಿಂದ ಬೀಳಿಸಿ, ಪುಡಿಯಾಗುವುದನ್ನು ತೆಗೆದುಹಾಕಿದೆವು. ಮೊಣಕಾಲೆತ್ತರ ಕಲ್ಲಿನ ಪಾಯ, ಮೇಲೆ ಗೋಡೆ, ಅದರ ಮೇಲೆ ಹೆಂಚು. ಸೂರನ್ನು ಗೋಡೆಯಿಂದ ಒಂದೂವರೆ ಮೊಳ ಮುಂದಕ್ಕೆ ಚಾಚಿಸಿದರು. ಮಳೆಯಲ್ಲಿ ದನ ಕಾಯುವವನಿಗೆ ಕಂಬಳಿ ಕೊಪ್ಪೆ ಹೇಗೋ ಮಣ್ಣಿನ ಗೋಡೆಗೆ ಸೂರು ಹಾಗೆ. ಪ್ರತಿ ಯುಗಾದಿಗೆ ನಮ್ಮ ಮನೆಗಳನ್ನು ಸಾರಿಸಿದ ಹಾಗೆಯೇ ಮಕ್ಕಳ ತಾಯಂದಿರು ಬಂದು ಶಾಲೆಯ ಗೋಡೆಯನ್ನೂ ಸಾರಿಸಬೇಕು ಎಂದು ಸಾರ್ ಸಮಿತಿಗೆ ಬರೆದುಕೊಟ್ಟರು. ಮಣ್ಣಿನ ಗೋಡೆ ನೀರು ಕುಡಿಯುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಸಗಣಿ ಕೆಮ್ಮಣ್ಣು ಅದಕ್ಕೆ ಅಡ್ಡ ಬರುವುದಿಲ್ಲ. ಇದು ನಮ್ಮೂರ ಯಾವ ಹೆಂಗಸನ್ನು ಕೇಳಿದರೂ ಗೊತ್ತು.

ಮೊದಲ ಯುಗಾದಿಗೆ ಸಾರಿಸಿದೆವು. ಆ ವರ್ಷದ ಮಳೆಗೆ ಒಂದು ಹರಳೂ ಉದುರಲಿಲ್ಲ. ಎರಡನೆಯ ಯುಗಾದಿಗೆ ಮುಂಚೆ ಮಂತ್ರಿಯೊಬ್ಬರು ಶಾಲೆ ನೋಡಲು ಬರುತ್ತಾರೆಂದು ಸುದ್ದಿಯಾಯಿತು. ಅಧ್ಯಕ್ಷರು ಎರಡು ಕೆಲಸ ಮಾಡಿಸಿದರು. ಮುಂದಿನ ಗೋಡೆಯ ಸೂರು ಕೊಯ್ಯಿಸಿ, ಅಲ್ಲಿ ತಮ್ಮ ಹೆಸರೂ ದಾನಿಗಳ ಹೆಸರೂ ಇರುವ ಕಮಾನು ಎಬ್ಬಿಸಿದರು. ಗೋಡೆಗೆ ಒಳಗೂ ಹೊರಗೂ ಸಿಮೆಂಟು ಹಾಕಿಸಿ ಹಳದಿ ಎಣ್ಣೆ ಬಣ್ಣ ಹೊಡೆಸಿದರು.

ಸಿಮೆಂಟು ಮೆತ್ತುತ್ತಿರುವುದನ್ನು ನೋಡಿ ನಾನೂ ಸಾಕಮ್ಮನೂ ಓಡಿದೆವು. ಗೋಡೆಗೆ ಉಸಿರು ಕಟ್ಟುತ್ತೆ ಅಣ್ಣ, ಸೂರೂ ಇಲ್ಲ, ಒಳಕ್ಕೆ ಹೋದ ನೀರು ಹೊರಗೆ ಬರಲ್ಲ ಎಂದು ನಾನೇ ಹೇಳಿದೆ. ಬಾಯಿ ತೆಗೆಯದವಳು ತೆಗೆದೆ. ಅಧ್ಯಕ್ಷರು ಕುರ್ಚಿಯಿಂದ ಏಳಲೂ ಇಲ್ಲ.

"ಮಂತ್ರಿ ಬರೋ ಸ್ಕೂಲ್‌ಗೆ ಸಗಣಿ ಬಳಿತಾ ಕೂತ್ಕಳನ? ಪಕ್ಕದೂರೋರು ಮಕಕ್ಕೆ ಉಗಿಯಾಕಿಲ್ವಾ? ಓಗ್ರವ್ವ, ಓಗಿ ನಿಮ್ ಅಟ್ಟಿ ಸಾರುಸ್ಕಳಿ."

ಅವತ್ತೇ ಹುಣಸೂರಿಗೆ ಬಸ್ಸು ಹತ್ತಿ ಎಸ್‌ಟಿಡಿ ಬೂತಿನಿಂದ ಸಾರ್‌ಗೆ ಫೋನ್ ಮಾಡಿದೆ. ನನ್ನ ಜೀವನದಲ್ಲಿ ನಾನು ಮಾಡಿದ ಮೊದಲ ಫೋನ್ ಅದು. ಎಲ್ಲವನ್ನೂ ಹೇಳಿದೆ. ಸೂರು ಕೊಯ್ದದ್ದು, ಸಿಮೆಂಟು, ಬಣ್ಣ. ಅವರು "ನಾನು ನೋಡ್ಕೋತೀನಿ ಚಿಕ್ಕತಾಯಮ್ಮ" ಎಂದರು. ಬರಲಿಲ್ಲ. ಮಂತ್ರಿ ಬಂದ ದಿನ ಬಂದರು. ಹಳದಿ ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ಆ ವರ್ಷದ ಮುಂಗಾರು ಜೋರು. ಸಾಕಮ್ಮ ಆಗ ಅದೇ ಶಾಲೆಯಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದ್ದಳು. ಒಂದು ಬೆಳಗ್ಗೆ ಮಕ್ಕಳು ಬರುವ ಮುಂಚೆ ಬಾಗಿಲು ತೆಗೆದು ಗುಡಿಸುತ್ತಿದ್ದಾಗ ಮುಂದಿನ ಗೋಡೆ ಕುಳಿತುಬಿಟ್ಟಿತು. ನಾನು ಹೋಗುವಷ್ಟರಲ್ಲಿ ಊರವರು ಅವಳನ್ನು ಮಣ್ಣಿನಡಿಯಿಂದ ಹೊರಗೆಳೆದಿದ್ದರು. ಬಲಗೈ ಮೊಣಕೈಯಿಂದ ಕೆಳಗೆ ಜಜ್ಜಿಹೋಗಿತ್ತು. ನನ್ನ ಜೊತೆ ಅಷ್ಟು ವರ್ಷ ಮಣ್ಣು ಮೆತ್ತಿದ ಕೈ ಅದು. ಗಾಡಿಗೆ ಹತ್ತಿಸುವಾಗ ಅವಳು ಹೇಳಿದ್ದು ಒಂದೇ ಮಾತು: "ನಮ್ ಗೋಡೆ ಅಲ್ಲ ಕಣಮ್ಮಿ ಇದು."

ಅವಳನ್ನು ಆಸ್ಪತ್ರೆಗೆ ಕಳಿಸಿ ನಾನು ಬಿದ್ದದ್ದನ್ನು ನೋಡಿದೆ. ಸಿಮೆಂಟು ಹಾಳೆಹಾಳೆಯಾಗಿ ಕಳಚಿ ಬಿದ್ದಿತ್ತು. ಹೊರಮೈಯಲ್ಲಿ ಹಳದಿ ಬಣ್ಣ ಹೊಳೆಯುತ್ತಿತ್ತು. ತಿರುಗಿಸಿದರೆ ಒಳಮೈಗೆ ಅಂಟಿದ ಕೆಮ್ಮಣ್ಣು ಅಂಬಲಿಯಾಗಿತ್ತು, ಹಿಂಡಿದರೆ ನೀರು. ಹಿಂದಿನ ಸಾಮಾನು ಕೋಣೆಯ ಗೋಡೆಗೆ ಮಂತ್ರಿ ನೋಡುವುದಿಲ್ಲವೆಂದು ಸಿಮೆಂಟು ಹಾಕಿರಲಿಲ್ಲ. ಸೂರನ್ನೂ ಕೊಯ್ದಿರಲಿಲ್ಲ. ಅದು ಅದೇ ಮಣ್ಣು, ಅದೇ ಹದ, ಅದೇ ಕೈಗಳು. ನಮ್ಮ ಬೆರಳ ಗುರುತಿನ ಸಮೇತ ನಿಂತಿತ್ತು. ಆ ಸಿಮೆಂಟಿನ ಒಂದು ಚೂರನ್ನು ಎತ್ತಿಕೊಂಡು ಬಂದೆ.

ಎಂಟು ದಿನಕ್ಕೆ ಹೊಂಗೆ ಮರದ ಕೆಳಗೆ ಸಭೆ ಸೇರಿತು. ಮೈಸೂರಿನಿಂದ ವಿಚಾರಣೆಗೆ ಒಬ್ಬ ಅಧಿಕಾರಿ ಬಂದಿದ್ದರು. ಸಾರ್ ಬಂದಿದ್ದರು. ಸಾಕಮ್ಮ ಕೈಗೆ ಪಟ್ಟಿ ಕಟ್ಟಿಕೊಂಡು, ಜ್ವರದಲ್ಲೇ ಬಂದು ಕೂತಿದ್ದಳು. ನಾನು ಆ ಚೂರನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಹೋಗಿದ್ದೆ.

ಅಧ್ಯಕ್ಷರು ಮೊದಲು ಎದ್ದರು. "ಸಗಣಿ ಬಾಚೋ ಎಂಗುಸ್ರ ಕೈಲಿ ಗೋಡೆ ಕಟ್ಸುದ್ರೆ ಇನ್ನೇನ್ ಆದದು ಸಾರ್" ಎಂದರು. ಕೆಲವರು ನಕ್ಕರು. ಅಧಿಕಾರಿ ಸಾರ್ ಕಡೆ ತಿರುಗಿ ನಿಮ್ಮ ಅಭಿಪ್ರಾಯವೇನು ಎಂದು ಕೇಳಿದರು. ಸಾರ್ ಕನ್ನಡಕ ತೆಗೆದು ಜುಬ್ಬಾದ ತುದಿಯಿಂದ ಒರೆಸಿದರು. ನನ್ನ ಕಡೆ ನೋಡಲಿಲ್ಲ.

"ಮಣ್ಣಿನ ಹದದಲ್ಲಿ ಎಲ್ಲೋ ಹೆಚ್ಚುಕಡಿಮೆ ಆಗಿರಬಹುದು. ಇಲ್ಲಿಯ ಕೆಲಸದವರಿಗೆ ಇದು ಹೊಸದು."

ಹೊಸದು. ನಮ್ಮ ಅವ್ವಂದಿರ ಕಾಲದಿಂದ ಮೆತ್ತಿದ ಮಣ್ಣು ನಮಗೆ ಹೊಸದು. ಸೂರು ಕೊಯ್ದವನು ಅಲ್ಲೇ ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅಧಿಕಾರಿ ಬರೆದುಕೊಂಡರು. ಬೇರೆ ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಕೇಳಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಕೇಳಿದರು. ಸೆರಗಿನ ಗಂಟು ನನ್ನ ಮುಷ್ಟಿಯಲ್ಲಿತ್ತು. ಅಷ್ಟು ಗಂಡಸರು, ಪಂಚೆ, ಚಪ್ಪಲಿ, ಪೇಪರು. ನಾನು ನನ್ನ ಕಾಲುಂಗುರವಿಲ್ಲದ ಬೆರಳು ನೋಡುತ್ತ ನಿಂತೆ. ಸಭೆ ಮುಗಿಯಿತು.

ಹೊರಡುವಾಗ ಸಾಕಮ್ಮ ಹತ್ತಿರ ಬಂದಳು. "ಸೆರಗ್ನಲ್ ಗಂಟಾಕ್ಕೊಂಡ್ ಏನಮ್ಮಿ ತಂದಿದ್ದೆ? ಪರಸಾದ್ವಾ?" ಎಂದಳು. ನಗುತ್ತಲೇ ಕೇಳಿದಳು. ನನ್ನ ಮೇಲೆ ನನಗಿರುವ ಸಿಟ್ಟಿಗೆ ಆ ನಗುವೇ ಕಾರಣ.

ಮೂರನೆಯ ದಿನ ಸಾರ್ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತರು. ಐದು ಶಾಲೆಗಳು ಮಂಜೂರಾಗುತ್ತಿವೆ, ಈ ಜನರನ್ನು ಎದುರು ಹಾಕಿಕೊಂಡರೆ ಐದೂ ಕಾಂಕ್ರೀಟಿನ ಪಾಲಾಗುತ್ತವೆ, ಮರಗಳು ಹೋಗುತ್ತವೆ ಎಂದು ತುಂಬ ಹೊತ್ತು ವಿವರಿಸಿದರು. "ನೂರಾರು ಮಕ್ಕಳು ನೆರಳಲ್ಲಿ ಕೂತು ಓದ್ತಾರೆ. ಒಂದು ಮಾತು ದೊಡ್ಡದೋ ಅದು ದೊಡ್ಡದೋ, ನೀವೇ ಹೇಳಿ" ಎಂದರು.

ನಾನು ಒಳಗೆ ಹೋಗಿ ಅವರು ಕೊಟ್ಟ ಕರಣೆ ತಂದು ಅವರ ಪಕ್ಕ ಇಟ್ಟೆ.

"ಗೋಡೆ ಒಣಗಕ್ಕೆ ಬುಟ್ರಿ ಸಾರ್" ಎಂದೆ.

ಅವರು ಎದ್ದು ಹೋದರು. ಕರಣೆ ಅಲ್ಲೇ ಬಿಟ್ಟರು. ಮಾರನೆಯ ವರ್ಷ ಅದು ಜಗಲಿಯ ಮೇಲಿಂದ ಕಳೆದುಹೋಯಿತು. ನಾನು ಹುಡುಕಲಿಲ್ಲ.

ಆ ಐದು ಶಾಲೆಗಳು ಆದವು. ಪಿರಿಯಾಪಟ್ಟಣದ ಕಡೆ ಮೂರು, ಕೆ.ಆರ್. ನಗರದ ಕಡೆ ಎರಡು. ಬೆಟ್ಟದಪುರಕ್ಕೆ ಹೋಗುವಾಗ ಬಸ್ಸಿನಿಂದ ಒಂದು ಕಾಣುತ್ತದೆ. ಚೆನ್ನಾಗಿದೆ. ಮರವಿದೆ, ಮಕ್ಕಳಿದ್ದಾರೆ. ಅದನ್ನು ನೋಡಿದಾಗ ನನ್ನ ಸಿಟ್ಟು ಇಳಿಯಬೇಕಿತ್ತು, ಏರುತ್ತದೆ. ಯಾಕೆಂದರೆ ಅವುಗಳ ಕೆಲಸಕ್ಕೆ ನಮ್ಮಲ್ಲಿ ಒಬ್ಬಳನ್ನೂ ಕರೆಯಲಿಲ್ಲ. ಗೋಡೆ ಬೀಳಿಸಿದ ಹೆಂಗಸರು ಎಂದು ಹೆಸರಾಗಿತ್ತಲ್ಲ. ಸಾಕಮ್ಮನನ್ನು ಬಿಟ್ಟು ಉಳಿದವರೆಲ್ಲ ಮತ್ತೆ ಬಾಣಲಿ ಹೊರಲು ಹೋದರು. ನಾನೂ ಮೇಸ್ತ್ರಿಗಳ ಕೈಕೆಳಗೆ ಜಲ್ಲಿ ಹೊತ್ತೆ. ಬ್ಯಾರನ್‌ಗಳೂ ಒಂದೊಂದಾಗಿ ಸಿಮೆಂಟು ಇಟ್ಟಿಗೆಯವಾದವು. ಮಣ್ಣು ಮೆತ್ತಲು ಗೊತ್ತಿದ್ದವರನ್ನು ಕೇಳುವವರೇ ಇಲ್ಲವಾಯಿತು. ಮಂಡಿ ಸೋತ ಮೇಲೆ ಕೆಲಸ ಬಿಟ್ಟೆ. ಸಾಕಮ್ಮ ಎಡಗೈಯಲ್ಲಿ ರಾಗಿ ಮುದ್ದೆ ತೊಳಸುವುದನ್ನು ಕಲಿತಳು. ನನ್ನೊಡನೆ ಮಾತು ಬಿಡಲಿಲ್ಲ. ಆ ವಿಷಯ ಮಾತ್ರ ಎತ್ತಲಿಲ್ಲ.

ಅವಳು ತೀರಿಕೊಂಡ ಮರುವರ್ಷ ಒಂದು ದಿನ ನಮ್ಮ ಮನೆ ಮುಂದೆ ಕಾಲೇಜಿನ ಬಸ್ಸು ನಿಂತಿತು. ತಲೆ ಪೂರಾ ಬೆಳ್ಳಗಾದ ಸಾರ್ ಇಳಿದರು. ಹಿಂದೆ ಮೂವತ್ತು ಹುಡುಗ ಹುಡುಗಿಯರು, ನಿನ್ನ ವಯಸ್ಸಿನವರು ಸಿಂಚನ. ಇವರು ನನ್ನ ಮೊದಲ ಗುರು, ಮಣ್ಣು ಅಂದರೇನೆಂದು ಕಲಿಸಿದವರು ಎಂದು ಸಾರ್ ಅವರಿಗೆ ಹೇಳಿದರು. ಹುಡುಗಿಯೊಬ್ಬಳು ಕಾಲಿಗೆ ಬಿದ್ದಳು. ನನ್ನ ಮೈ ಉರಿಯಿತು. ಬೇಕಾದಾಗ ಗುರು, ಬೇಡವಾದಾಗ ಹೊಸಬರು.

ಒಳಗೆ ಹೋಗಿ ತಗಡಿನ ಪೆಟ್ಟಿಗೆಯಿಂದ ಆ ಸಿಮೆಂಟಿನ ಚೂರು ತಂದು ಅವಳ ಕೈಗೇ ಕೊಟ್ಟೆ. ಒಂದು ಕಡೆ ಹಳದಿ ಬಣ್ಣ, ಇನ್ನೊಂದು ಕಡೆ ಒಣಗಿ ಗಟ್ಟಿಯಾದ ಕೆಮ್ಮಣ್ಣು. ಎಲ್ಲರೂ ಸುತ್ತ ನೆರೆದರು. ಅಷ್ಟು ಜನರ ಮುಂದೆಯೇ ಕೇಳಿದೆ.

"ಸಾರ್, ಇದ್ನ ಬಳಿವಾಗ ನಾನು ಉಣಸೂರಿಂದ ಫೋನ್ ಮಾಡಿದ್ನಾ ಇಲ್ವಾ?"

ಅವರು ಆ ಚೂರನ್ನು ನೋಡಿದರು. "ಮಾಡಿದ್ರಿ."

"ನಮ್ ಮಣ್ಣಿನ ಅದ ಕೆಟ್ಟಿತ್ತಾ?"

"ಇಲ್ಲ. ಹದ ಸರಿಯಾಗಿತ್ತು. ನನಗೆ ಅವತ್ತೇ ಗೊತ್ತಿತ್ತು ಚಿಕ್ಕತಾಯಮ್ಮ" ಎಂದರು.

ನನಗೆ ಹಗುರವಾಗಬೇಕಿತ್ತು, ಆಗಲಿಲ್ಲ. ಆ ಮಾತು ಕೇಳಬೇಕಾಗಿದ್ದವಳು ಒಂದು ವರ್ಷ ಮುಂಚೆ ಹೋಗಿದ್ದಳು. ಇದನ್ನು ಬರೆದು ಕೊಡಿ ಸಾರ್ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಬರೆಯುವ ಬುದ್ಧಿ ಅವರಿಗೂ ಬರಲಿಲ್ಲ. ಈಗ ಅವರೂ ಇಲ್ಲ. ಬಾಯಲ್ಲಿ ಒಪ್ಪಿಕೊಂಡದ್ದು ಬಸ್ಸಿನ ಜೊತೆ ಹೋಯಿತು. ಹೊಂಗೆ ಮರದ ಕೆಳಗೆ ಅಧಿಕಾರಿ ಬರೆದುಕೊಂಡದ್ದು ಉಳಿದು, ಯಾವ ಯಾವ ಕೈ ದಾಟಿಯೋ ನಿನ್ನ ನೋಟ್ಸಿಗೆ ಬಂದು ಕೂತಿದೆ.

ಸಿಂಚನ, ನಾಳೆ ನೀನು ಬಿಳಿ ಹಾಳೆಯ ಮೇಲೆ ಚಂದದ ಕಟ್ಟಡ ಬಿಡಿಸುತ್ತೀಯ. ಗಾಳಿಯನ್ನು ಕೇಳು, ಮರವನ್ನು ಕೇಳು, ಮೇಕೆಯನ್ನೂ ಕೇಳು. ಅದನ್ನು ಸಾರ್ ಕಟ್ಟಿದ ಕಟ್ಟಡಗಳಿಂದ ಕಲಿ, ಅವುಗಳಿಗಿಂತ ಚೆನ್ನಾಗಿ ಕಲಿಸುವುದು ಬೇರೊಂದಿಲ್ಲ. ಆದರೆ ಮಣ್ಣು ತುಳಿದವಳು ಫೋನ್ ಮಾಡಿದರೆ ಅವತ್ತೇ ಹೊರಡು. ಚಂದನ್, ಇದು ನಿನಗೂ ಹೇಳಿದ ಮಾತು.

ಈ ಹಾಳೆಗಳನ್ನು ಕಳೆಯಬೇಡಿ. ತಗಡಿನ ಪೆಟ್ಟಿಗೆಯಲ್ಲಿ ಆ ಚೂರಿದೆ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ್ದೇನೆ. ಅದರ ಜೊತೆಯಲ್ಲೇ ಇಡಿ. ಅಟ್ಟಕ್ಕೆ ಹಾಕಬೇಡಿ, ಹೆಂಚು ಸೋರುತ್ತದೆ. ನೋಟ್ಸಿನ ಆ ಸಾಲನ್ನು ಓದಿಸುವ ಮೇಷ್ಟ್ರಿಗೆ ಒಮ್ಮೆ ಎರಡನ್ನೂ ತೋರಿಸಿ ಮತ್ತೆ ತಂದಿಡಿ. ಸಾಕಮ್ಮನ ಮೊಮ್ಮಕ್ಕಳು ಬಂದರೆ ಅವರಿಗೂ ಓದಿ ಹೇಳಿ. ಚಿಕ್ಕತಾಯಜ್ಜಿ ಸೆರಗಿನ ಗಂಟು ಬಿಚ್ಚಿದಳು ಎಂದು ಹೇಳಿ.